ಮುಚ್ಚಳದ ಅಡಿಯ ಕೆನೆ

ಆ ಬೀದಿಯಲ್ಲಿ ಯಾರ ಸ್ಕೂಟರ್ ಕೆಮ್ಮಿದರೂ, ಯಾರ ಮಿಕ್ಸಿ ನರಳಿದರೂ, ಯಾರ ಮನೆಯ ಫ್ಯಾನು ಕಿರುಗುಟ್ಟಿದರೂ ಕರೆಯುವ ಮುಂಚೆಯೇ ಬಂದು ನಿಲ್ಲುತ್ತಿದ್ದವರು ಎಂಜಿನ್ ಮಾಮ. ಬಂದು ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಸದ್ದು ಕೇಳಿ, "ಹ್ಞೂಂ, ಬೇರಿಂಗು" ಎನ್ನುತ್ತಿದ್ದರು. ಯಾವ ಯಂತ್ರಕ್ಕಾದರೂ ಅವರು ಹೇಳುತ್ತಿದ್ದ ಕಾಯಿಲೆ ಅದೊಂದೇ. ಒಮ್ಮೊಮ್ಮೆ ಅದು ನಿಜವೂ ಆಗುತ್ತಿದ್ದುದರಿಂದ ಹೆಸರು ಉಳಿದುಕೊಂಡಿತ್ತು. ಅವರು ಬೀದಿಗೆಲ್ಲ ಮಾಮನಾದ ಮೇಲೆ ಅವರ ಹೆಂಡತಿ ಬೀದಿಗೆಲ್ಲ ಅತ್ತೆ.

ಮಾಮನ ಹೊಟ್ಟೆಪಾಡಿಗೂ ಎಂಜಿನ್ನಿಗೂ ಸಂಬಂಧವೇ ಇರಲಿಲ್ಲ. ಅವರದು ನೀರು ಸರಬರಾಜು ಕಚೇರಿಯ ಕೆಲಸ. ಬೆಳಿಗ್ಗೆ ಸೈಕಲ್ಲಿನಲ್ಲಿ ಊರು ಸುತ್ತಿ, ಗೊತ್ತುಮಾಡಿದ ಎಂಟು ನಲ್ಲಿಗಳಿಂದ ಬಾಟಲಿಗೆ ನೀರು ಹಿಡಿದು ಪರೀಕ್ಷೆಯ ಕೋಣೆಗೆ ತಲುಪಿಸಬೇಕು. ಬಾಟಲಿ ಇಡಲು ಎಂಟು ಗೂಡುಗಳ ಒಂದು ಮರದ ಪೆಟ್ಟಿಗೆ. ಬಾಟಲಿಗೆ ಚೀಟಿ ಅಂಟಿಸಿದರೆ ಒದ್ದೆಯಾಗಿ ಉದುರುತ್ತದೆಂದು ಅಲ್ಲಿ ಚೀಟಿಯ ಪದ್ಧತಿಯನ್ನೇ ಬಿಟ್ಟಿದ್ದರು. ಮೊದಲ ಗೂಡು ಬಸ್ ನಿಲ್ದಾಣದ ನಲ್ಲಿ, ಎರಡನೆಯದು ಆಸ್ಪತ್ರೆಯದು, ಹೀಗೇ ಸಾಗಿ ಎಂಟನೆಯದು ಕಚೇರಿಯ ದೊಡ್ಡ ಸಾಹೇಬರ ಅಡುಗೆಮನೆಯದು. ಗೂಡು ನೋಡಿದರೆ ನಲ್ಲಿ ತಿಳಿಯಬೇಕು. ಇಷ್ಟು ವರ್ಷ ತಿಳಿಯುತ್ತಲೂ ಇತ್ತು.

ಮನೆಯ ಮುಂದೆ, ಹೊದಿಕೆಯೊಳಗೆ, ಬೆಣ್ಣೆ ಬಣ್ಣದ ಹಳೆಯ ಕಾರೊಂದು ಇತ್ತು. ಅದು ಅತ್ತೆಯ ಅಪ್ಪ ಮಗಳಿಗೆಂದು ಬಿಟ್ಟುಹೋದ ಕಾರು. ಮಾಮ ಅದನ್ನು ಸಾಕಿದಂತೆ ಯಾರೂ ಮಕ್ಕಳನ್ನು ಸಾಕಿರಲಿಕ್ಕಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಹೊದಿಕೆ ತೆಗೆದು, ಗಾಜು ಒರೆಸಿ, ಸ್ಟಾರ್ಟ್ ಮಾಡಿ, ಬೀದಿಯ ಮೂಲೆಯ ಔಷಧಿ ಅಂಗಡಿಯವರೆಗೆ ಓಡಿಸಿಕೊಂಡು ಹೋಗಿ, ಅಲ್ಲೇ ತಿರುಗಿಸಿ ತಂದು ನಿಲ್ಲಿಸಿ, ಮತ್ತೆ ಹೊದಿಸುತ್ತಿದ್ದರು. "ಎಂಜಿನ್ನಿಗೆ ವ್ಯಾಯಾಮ ಬೇಕು" ಎನ್ನುತ್ತಿದ್ದರು. ವ್ಯಾಯಾಮ ಮುಗಿಸಿ ಸೈಕಲ್ ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು.

ಈ ಕಾರಿನಲ್ಲಿ ಅತ್ತೆಗೆ ಒಂದೇ ಒಂದು ಕಡೆ ಹೋಗಬೇಕಾಗಿತ್ತು. ಬೆಟ್ಟದ ಆಚೆ ಊರಿನಲ್ಲಿ ಅವರ ದೊಡ್ಡಕ್ಕ ಇದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮಂಡಿಯ ಆಪರೇಷನ್ ಆದ ಮೇಲೆ ಬಸ್ಸು ಹತ್ತಲಾರರು. "ಅಪ್ಪನ ಕಾರಲ್ಲಿ ಕೂತ್ಕೊಂಡು ಬಾರೇ, ನಿನ್ನನ್ನೂ ನೋಡ್ತೀನಿ, ಕಾರನ್ನೂ ನೋಡ್ತೀನಿ" ಎಂದು ವಾರವಾರವೂ ಫೋನು. ಮಾಮ ಪ್ರತಿ ಸಲವೂ ಹೋಗೋಣ ಎಂದವರೇ. ಒಮ್ಮೆ ರಜೆ ಸಿಗಲಿಲ್ಲ. ಒಮ್ಮೆ ಟೈರಿನ ಮುಖ ಸರಿಯಿರಲಿಲ್ಲ. ಒಮ್ಮೆ ಬೇರಿಂಗು. ಒಮ್ಮೆಯಂತೂ ಬೆಟ್ಟದ ಕಡೆಯಿಂದ ಬರುವ ಗಾಳಿ ಕಾರ್ಬುರೇಟರಿಗೆ ಒಳ್ಳೆಯದಲ್ಲ ಎಂದು ತಿಳಿದುಬಂದಿತು.

ಆ ವಾರ ಅತ್ತೆಯ ತಮ್ಮ ಬಂದು, "ಅಕ್ಕಾ, ಓಡದೇ ಇರೋ ಕಾರು ಮನೆ ಮುಂದೆ ಯಾಕೆ? ಗುಜರಿಗೆ ಹಾಕೋಣ, ಆ ಜಾಗದಲ್ಲಿ ನಾಲ್ಕು ಹೂವಿನ ಕುಂಡ ಇಡು" ಎಂದ. ಎಂದಿನಂತೆ ಅವನನ್ನು ಗದರಿಸುವ ಬದಲು ಅತ್ತೆ ಗಂಡನ ಕಡೆ ತಿರುಗಿದರು.

"ರೀ, ಕೇಳಿಸ್ಕೊಳ್ಳಿ. ಈ ಭಾನುವಾರ ಕಾರು ದೊಡ್ಡಕ್ಕನ ಮನೆ ಮುಂದೆ ನಿಲ್ಬೇಕು. ನಿಲ್ಲದಿದ್ರೆ ಸೋಮವಾರ ಇವನು ಗುಜರಿಯವನನ್ನ ಕರ್ಕೊಂಡು ಬರ್ಲಿ. ನಾನು ಬೇಡ ಅನ್ನಲ್ಲ."

ಅತ್ತೆ ದನಿ ಏರಿಸಿರಲಿಲ್ಲ. ಮಾಮನಿಗೆ ಹೆದರಿಕೆಯಾದದ್ದು ಅದಕ್ಕೇ.

ಮರುದಿನ ಬೆಳಿಗ್ಗೆ ಮಾಮ ಬಾನೆಟ್ಟು ಎತ್ತಿ ನಿಂತಿದ್ದರು. ಎದುರುಮನೆಯ ಟೈಲರು ಹಲ್ಲುಜ್ಜುತ್ತಾ ಬಂದ. ಪತ್ರಿಕೆ ಹಾಕುವವನು ಸೈಕಲ್ ನಿಲ್ಲಿಸಿದ. ಪಕ್ಕದ ಮನೆಯ ಅಜ್ಜಿ ಗೇಟಿಗೆ ಆತುಕೊಂಡರು. ಮೂರು ಜನ ಸೇರಿದರೆ ಮಾಮನ ಪಾಲಿಗೆ ಸಭೆ.

"ನೋಡಪ್ಪಾ ಟೈಲರೇ, ಎಂಜಿನ್ ಅಂದ್ರೆ ಒಂದು ಮನೆ ಇದ್ದ ಹಾಗೆ. ಕೂಲಂಟಿಗೆ, ಅಂದ್ರೆ ತಂಪು ಮಾಡೋ ನೀರಿಗೆ, ಒಂದು ದಾರಿ. ಎಣ್ಣೆಗೆ ಒಂದು ದಾರಿ. ಅಕ್ಕಪಕ್ಕದಲ್ಲೇ ಹರೀತವೆ, ಒಂದನ್ನೊಂದು ಮುಟ್ಟೋ ಹಾಗಿಲ್ಲ. ಮಧ್ಯೆ ಗ್ಯಾಸ್ಕೆಟ್ ಅಂತ ಒಂದು ತೆಳು ಹಾಳೆ. ಅದು ಹೋಯ್ತು ಅಂದ್ರೆ ನೀರೂ ಎಣ್ಣೆನೂ ಸೇರಿ ಕೆನೆ ಕಟ್ಟತ್ತೆ. ಕೆನೆ ಕಂಡ್ರೆ ಮುಗೀತು, ಎಂಜಿನ್ ಸತ್ತ ಹಾಗೆ. ಬೇರೆಯವರ ಕಾರಲ್ಲಿ ಆಗತ್ತೆ ಅದೆಲ್ಲ. ನನ್ನ ಕಾರಲ್ಲಿ ಕನಸಲ್ಲೂ ಆಗಲ್ಲ. ಇಲ್ನೋಡಿ!"

ಎಂದು ಎಣ್ಣೆ ಹೊಯ್ಯುವ ಕಡೆಯ ಮುಚ್ಚಳ ತಿರುಗಿಸಿ ತೆಗೆದು, ತಾವು ನೋಡದೆಯೇ ಸಭೆಯ ಮುಂದೆ ಎತ್ತಿಹಿಡಿದರು.

ಟೈಲರು ಬಾಯೊಳಗಿನ ಬ್ರಷ್ಷು ತೆಗೆದ. ಬಗ್ಗಿ ನೋಡಿದ.

"ಮಾಮ, ಕೆನೆ ಅಂದ್ರೆ ಇದೇನಾ?"

ಮಾಮ ಮುಚ್ಚಳವನ್ನು ತಿರುಗಿಸಿ ನೋಡಿದರು. ಒಳಗೆ ಬೆರಳಿನ ದಪ್ಪಕ್ಕೆ ತಿಳಿಕಂದು ಬಣ್ಣದ ಕೆನೆ ಮೆತ್ತಿಕೊಂಡು ಕೂತಿತ್ತು. ಹಾಲು ಜಾಸ್ತಿಯಾದ ಕಾಫಿಯ ನೊರೆಯ ಹಾಗೆ.

"ಬಣ್ಣ ಮಾತ್ರ ಚೆನ್ನಾಗಿದೆ" ಎಂದ ಟೈಲರು. "ಲೈನಿಂಗ್ ಬಟ್ಟೆ ಈ ಬಣ್ಣದ್ದು ಎಲ್ಲೂ ಸಿಗ್ತಿಲ್ಲ."

"ಪಾಪ, ಯಾವಾಗಿಂದ ಹುಷಾರಿರಲಿಲ್ಲವೋ" ಎಂದರು ಅಜ್ಜಿ. ಪತ್ರಿಕೆಯವನು ತಡಮಾಡದೆ ಸೈಕಲ್ ಹತ್ತಿದ. ಅಂದು ಅವನು ಪತ್ರಿಕೆ ಹಾಕಿದ ಮನೆಗಳಿಗೆಲ್ಲ ಪತ್ರಿಕೆಯಲ್ಲಿಲ್ಲದ ಸುದ್ದಿಯೂ ತಲುಪಿತು.

ಮೆಕ್ಯಾನಿಕ್ಕಿಗೆ ಫೋನು ಹೋಯಿತು. ಆತ ಕೆಟ್ಟ ಸುದ್ದಿಯನ್ನು ಬಹಳ ಸಂತೋಷದಿಂದ ಹೇಳುವ ಮನುಷ್ಯ. ಹಿಂದೆ ಯಾರೋ ತಗಡು ಬಡಿಯುತ್ತಿದ್ದರು.

"ಕೆನೆ ಇದೆಯಾ?"

"ಇದೆ."

"ತುಂಬಾ?"

ಮಾಮ ಅಡುಗೆಮನೆಯ ಕಡೆ ನೋಡಿದರು. ಅತ್ತೆ ಕಿವಿ ಇತ್ತ ಇಟ್ಟುಕೊಂಡೇ ಪಾತ್ರೆ ತೊಳೆಯುತ್ತಿದ್ದರು. ಭಾನುವಾರ ಕಣ್ಣಮುಂದೆ ಬಂತು. ಬೆಟ್ಟ ಬಂತು. "ತುಂಬಾ ಅಂದ್ರೆ, ಪೂರ್ತಿ ಕೆನೆ" ಎಂದುಬಿಟ್ಟರು.

"ಹಾಗಾದ್ರೆ ಗ್ಯಾಸ್ಕೆಟ್ ಹೋಗಿದೆ! ಎಂಜಿನ್ನಿನ ಮೇಲ್ಭಾಗ, ಆ ಹೆಡ್ಡು, ಬಿಚ್ಚಿ ಇಳಿಸ್ಬೇಕು! ಒಳಗೆ ಇನ್ನೇನೇನು ಹೋಗಿದೆಯೋ! ಶನಿವಾರ ಎಳ್ಕೊಂಡು ಬನ್ನಿ, ಸ್ಟಾರ್ಟ್ ಮಾಡ್ಲೇಬೇಡಿ!"

ಫೋನು ಇಟ್ಟ ಮಾಮ ನಿಟ್ಟುಸಿರು ಬಿಟ್ಟರು. ಅದು ದುಃಖದ ನಿಟ್ಟುಸಿರೇ. ಆದರೆ ಪರೀಕ್ಷೆ ಮುಂದಕ್ಕೆ ಹೋಯಿತೆಂದು ಗೊತ್ತಾದ ಹುಡುಗನ ನಿಟ್ಟುಸಿರೂ ಕೇಳುವುದಕ್ಕೆ ಹಾಗೆಯೇ ಇರುತ್ತದೆ.

"ನೋಡೇ, ನನ್ನ ಕೈಲೇನಿದೆ? ಗ್ಯಾಸ್ಕೆಟ್ಟೇ ಹೋಯ್ತು. ಈ ಭಾನುವಾರ ಆಗಲ್ಲ."

"ಸರಿ" ಎಂದರು ಅತ್ತೆ. ಕೈ ಒರೆಸಿಕೊಂಡು ಫೋನು ಎತ್ತಿಕೊಂಡರು. "ತಮ್ಮಾ, ಸೋಮವಾರ ಕರ್ಕೊಂಡು ಬಾ."

ಇದು ಮಾಮನ ಲೆಕ್ಕದಲ್ಲಿ ಇರಲಿಲ್ಲ. ಎಂಜಿನ್ನಿಗೆ ರೋಗವಿದ್ದರೆ ಕಾರು ಗುಜರಿಗೆ, ರೋಗವಿಲ್ಲದಿದ್ದರೆ ಬೆಟ್ಟಕ್ಕೆ. ಎರಡರ ನಡುವೆ ಸಣ್ಣ ನೆಗಡಿಯಂಥದ್ದೇನಾದರೂ ಇದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಮಾಮ ಇಡೀ ದಿನ ಕಾರಿನ ಸುತ್ತ ಸುತ್ತಿದರು. ಸಂಜೆಗೆ, ಅದೇನು ಅಷ್ಟು ಖಂಡಿತವಲ್ಲ, ಎಂಜಿನ್ ಬದುಕಿದ್ದರೂ ಬದುಕಿರಬಹುದು ಎಂದು ತಾವೇ ಬಾಯಿಬಿಟ್ಟರು.

"ಹಾಗಾದ್ರೆ ಗೊತ್ತುಮಾಡ್ಕೊಳ್ಳಿ" ಎಂದರು ಅತ್ತೆ. "ದಿನಾ ಊರಿನ ನೀರೆಲ್ಲ ಬಾಟ್ಲಿಗೆ ತುಂಬಿ ಪರೀಕ್ಷೆಗೆ ಹೊತ್ಕೊಂಡು ಹೋಗ್ತೀರಲ್ಲ. ಇದನ್ನೂ ತುಂಬ್ಕೊಂಡು ಹೋಗಿ. ಎಣ್ಣೆಯಲ್ಲಿರೋದು ಕೂಲಂಟೋ, ಬೇರೆ ಏನೋ, ನಿಮ್ಮ ಲ್ಯಾಬ್ ಮೇಡಂ ಹೇಳ್ತಾರೆ."

"ಅವರು ಕುಡಿಯೋ ನೀರು ನೋಡೋರು ಕಣೇ."

"ನೀರು ತಾನೇ?"

ಅತ್ತೆಯೇ ಹಳೆಯ ಚಮಚದಿಂದ ಮುಚ್ಚಳದ ಕೆನೆಯನ್ನೂ ಅದರ ಬಾಯಿಯ ಸುತ್ತ ಮೆತ್ತಿದ್ದನ್ನೂ ಕೆರೆದು ಕಚೇರಿಯ ಒಂದು ಖಾಲಿ ಬಾಟಲಿಗೆ ತುಂಬಿ ಕೊಟ್ಟರು.

ಮರುದಿನ ಮಾಮ ಏಳು ನಲ್ಲಿಗಳ ನೀರು ಹಿಡಿದು ದೊಡ್ಡ ಸಾಹೇಬರ ಮನೆಗೆ ಹೋದರೆ ಬಾಗಿಲಿಗೆ ಬೀಗ. ಸಾಹೇಬರ ಹೆಂಡತಿ ಮಾರುಕಟ್ಟೆಗೆ ಹೋಗಿದ್ದರು. ಕಾಯುವಷ್ಟು ಹೊತ್ತು ಇರಲಿಲ್ಲ. ಎಂಟನೇ ಗೂಡು ಖಾಲಿ ಉಳಿಯಿತು. ಜೇಬಿನಲ್ಲಿದ್ದ ಕಾರಿನ ಬಾಟಲಿ ಸೈಕಲ್ ತುಳಿದಾಗೆಲ್ಲ ತೊಡೆಗೆ ಕುಟ್ಟುತ್ತಿತ್ತು. ಮಾಮ ಅದನ್ನು ತೆಗೆದು ಖಾಲಿ ಗೂಡಿನಲ್ಲಿ ಸಿಕ್ಕಿಸಿದರು. ಲ್ಯಾಬಿಗೆ ಹೋಗಿ ಮೇಡಂ ಕೈಗೇ ಕೊಟ್ಟು ವಿಷಯ ಹೇಳಿದರಾಯಿತು ಎಂದುಕೊಂಡರು. ಆದರೆ ಹೋದಾಗ ಮೇಡಂ ಕೈ ತೊಳೆಯಲು ಹೋಗಿದ್ದರು. ಇಷ್ಟು ವರ್ಷ ಮಾಡಿದಂತೆ ಪೆಟ್ಟಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಇಷ್ಟು ವರ್ಷ ಹೋದಂತೆ ಮಾಮ ಕ್ಯಾಂಟೀನಿಗೆ ಹೋದರು. ಕಾಲು ತಾನಾಗಿಯೇ ನಡೆಯಿತು. ತಲೆ ಆಮೇಲೆ ಬಂತು.

ಲ್ಯಾಬ್ ಮೇಡಂ ಕಟ್ಟುನಿಟ್ಟಿನ ಹೆಂಗಸು. ಮೊದಲ ಏಳು ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಎಂಟನೆಯದನ್ನು ಹಿಡಿದವರು ಇಡಲಿಲ್ಲ. ಹಿಡಿದುಕೊಂಡೇ ಮೆಟ್ಟಿಲು ಹತ್ತಿ ದೊಡ್ಡ ಸಾಹೇಬರ ಕೋಣೆಗೆ ಹೋದರು. ಸಾಹೇಬರು ಮನೆಯಿಂದ ತಂದ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು ಎರಡನೇ ಲೋಟ ಕುಡಿಯುತ್ತಿದ್ದರು.

"ಸಾರ್, ಒಂದು ನಲ್ಲಿಯಲ್ಲಿ ಎಣ್ಣೆ ಬಂದಿದೆ."

"ಎಣ್ಣೆ? ಅಯ್ಯೋ, ಯಾರ ಮನೇದ್ರೀ ಅದು?"

"ಎಂಟನೇ ಗೂಡು ಸಾರ್."

ಸಾಹೇಬರು ಬಾಟಲಿ ನೋಡಿದರು. ತಮ್ಮ ಲೋಟ ನೋಡಿದರು. ಎರಡರ ಬಣ್ಣವೂ ಒಂದೇ ಇತ್ತು. ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. "ಬೆಳಿಗ್ಗೆಯಿಂದ ನಂಗೆ ಯಾಕೋ ಒಂಥರಾ ಆಗ್ತಿತ್ತು" ಎಂದರು.

ಮುಂದಿನದೆಲ್ಲ ಬಹಳ ಬೇಗ ನಡೆಯಿತು. ಸಾಹೇಬರು ಮನೆಗೆ ಫೋನು ಮಾಡಿ, "ನೀರು ಮುಟ್ಬೇಡ! ಅಕ್ಕಿ ತೊಳ್ದಿದ್ರೆ ಚೆಲ್ಲು! ನೀನು ಸ್ನಾನ ಮಾಡಿದ್ದೀಯಾ? ಮಾಡಿದ್ರೆ ಬೆಂಕಿ ಹತ್ರ ಹೋಗ್ಬೇಡ!" ಎಂದರು. ವಾಲ್ವ್ ನೋಡಿಕೊಳ್ಳುವವರಿಗೆ ಆಜ್ಞೆ ಹೋಯಿತು. ಸಾಹೇಬರ ಮನೆಗೆ ನೀರು ಹೋಗುವ ಕೊಳವೆಯೇ ಅರ್ಧ ಊರಿಗೂ ಹೋಗುತ್ತಿದ್ದುದರಿಂದ ಅರ್ಧ ಊರಿನ ನಲ್ಲಿಗಳು ಒಮ್ಮೆ ಬಿಕ್ಕಳಿಸಿ ಸುಮ್ಮನಾದವು. ಎಲ್ಲೋ ಯಾರೋ ಮೈತುಂಬ ಸೋಪು ಹಚ್ಚಿಕೊಂಡು ಕಚೇರಿಗೇ ಫೋನು ಮಾಡಿದರು.

ಮೇಡಂ ಬಾಟಲಿಯೊಂದಿಗೆ ಕೆಳಗೆ ಓಡಿ, ಪರೀಕ್ಷೆ ಮುಗಿಸಿ ಮತ್ತೆ ಮೇಲೆ ಬರುವ ಹೊತ್ತಿಗೆ ಮಾಮ ಕ್ಯಾಂಟೀನಿನಿಂದ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಬಂದರು.

"ಬನ್ರೀ, ಬನ್ನಿ!" ಸಾಹೇಬರು ಕುರ್ಚಿಯಲ್ಲಿ ಅರ್ಧ ಮಲಗಿದ್ದರು. "ನೀವೇ ತಾನೇ ನನ್ನ ಮನೆ ನೀರು ಹಿಡಿದಿದ್ದು? ಹಿಡಿಯೋವಾಗ ನಿಮ್ಮ ಕಣ್ಣು ಎಲ್ಲಿತ್ತು? ಇದು ನೀರಿನ ಹಾಗೆ ಕಾಣತ್ತಾ ನಿಮಗೆ?"

ಮೇಡಂ ಕೈಯಲ್ಲಿದ್ದ ಬಾಟಲಿಯನ್ನು ನೋಡಿದೊಡನೆ ಮಾಮನ ಬಾಯಿಂದ ಕಡ್ಡಿ ಬಿತ್ತು.

"ಸಾರ್, ಅದು ನಿಮ್ಮ ಮನೆ ನಲ್ಲಿ ಅಲ್ಲ ಸಾರ್. ನನ್ನ ಕಾರು."

ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತರು.

"ನನ್ನ ಮನೆ ನಲ್ಲಿ ಒಳಗೆ ನಿಮ್ಮ ಕಾರು ಹೇಗ್ರೀ ಬಂತು?"

"ನಲ್ಲಿ ಒಳಗೆ ಬಂದಿಲ್ಲ ಸಾರ್, ಗೂಡಿನ ಒಳಗೆ ಬಂದಿದ್ದು."

"ಗೂಡಿಗೆ ಕಾರು ಬಂತಾ?"

"ಕಾರು ಮನೇಲೇ ಇದೆ ಸಾರ್. ಕೆನೆ ಮಾತ್ರ ಬಂದಿದ್ದು."

ಸಾಹೇಬರು ಮೇಡಂ ಕಡೆ ತಿರುಗಿ, "ಇವರೂ ಅದನ್ನ ಕುಡಿದಿರ್ಬೇಕು" ಎಂದರು.

ಮಾಮ ಗ್ಯಾಸ್ಕೆಟ್ಟು, ದೊಡ್ಡಕ್ಕನ ಮಂಡಿ, ಸಾಹೇಬರ ಬಾಗಿಲ ಬೀಗ, ಗುಜರಿ, ಚಮಚ ಎಲ್ಲವನ್ನೂ ಒಟ್ಟಿಗೇ ಹೇಳಿದರು. ಬಿಡಿಸಿ ಅರ್ಥಮಾಡಿಕೊಂಡವರು ಮೇಡಂ ಒಬ್ಬರೇ.

"ನಿಮ್ಮ ಕಾರಿನ ಕೂಲಂಟು ಯಾವ ಬಣ್ಣ?"

"ಹಸಿರು ಮೇಡಂ. ಗಿಳಿಹಸಿರು."

"ಇದನ್ನ ಕಾಯಿಸಿ ನೋಡಿದ್ದೀನಿ. ಸಾಹೇಬರ ಜೀವದ ಪ್ರಶ್ನೆ ಅಂತ ಗಾಬರಿಯಲ್ಲೇ ನೋಡಿದೆ. ಚಟಪಟ ಅಂತು, ಅಂದ್ರೆ ನೀರಿದೆ. ಆ ನೀರನ್ನ ಬೇರೆ ಮಾಡಿದ್ರೆ ಹಸಿರಿನ ಸುಳಿವೂ ಇಲ್ಲ, ನಲ್ಲಿ ನೀರಿನ ಉಪ್ಪೂ ಇಲ್ಲ. ಪಾತ್ರೆ ಮುಚ್ಚಳದ ಮೇಲೆ ಕೂತ ಆವಿಯ ನೀರು ಇರತ್ತಲ್ಲ, ಆ ಥರದ್ದು. ಕೂಲಂಟಲ್ಲ. ನಿಮ್ಮ ಎಂಜಿನ್ನು ಬದುಕಿದೆ ಅನ್ಸತ್ತೆ. ನಿಮ್ಮ ಕೆಲಸದ ವಿಷಯ ನಾನು ಹೇಳಲಾರೆ."

ಕೆಲಸದ ವಿಷಯವನ್ನು ಸಾಹೇಬರೇ ಹೇಳಿದರು. ತಾವು ಕುಡಿದದ್ದು ಶುದ್ಧ ಟೀ ಎಂದು ತಿಳಿದ ಮೇಲೆ ಅವರ ಹೊಟ್ಟೆ ಒಂದೇ ಕ್ಷಣದಲ್ಲಿ ವಾಸಿಯಾಗಿತ್ತು. ಆದರೆ ಅರ್ಧ ಊರಿಗೆ ನೀರು ನಿಲ್ಲಿಸಿದ್ದು ತಮ್ಮದೇ ಆಜ್ಞೆ. ಅದು ಒಬ್ಬ ನೌಕರನ ಕಾರಿನ ದೆಸೆಯಿಂದ ಎಂದು ಮೇಲಿನವರಿಗೆ ಹೇಳುವ ಹಾಗಿಲ್ಲ. ಸ್ವಲ್ಪ ಯೋಚಿಸಿ, ಅಂದು ನಡೆದದ್ದು ತುರ್ತು ಪರಿಸ್ಥಿತಿಯ ತಾಲೀಮು ಎಂದೂ, ಸಿಬ್ಬಂದಿ ಬಹಳ ಚುರುಕಾಗಿ ನಡೆದುಕೊಂಡರೆಂದೂ ತೀರ್ಮಾನಿಸಿದರು.

"ಮತ್ತೆ ನೀವು," ಎಂದು ಮಾಮನ ಕಡೆ ಬೆರಳು ತೋರಿಸಿದರು, "ಮುಂದಿನ ವಾರ ಪೂರ್ತಿ ರಜೆ. ಕಚೇರಿ ಹತ್ರ ಸುಳಿಯಬಾರ್ದು. ನಿಮ್ಮ ಮುಖ ನೋಡಿದ್ರೆ ನಂಗೆ ಆ ಬಾಟ್ಲಿ ನೆನಪಾಗತ್ತೆ."

"ಸಾರ್, ರಜೆ ಬೇಡ ಸಾರ್! ಸಂಬಳ ಬೇಕಾದ್ರೆ ಹಿಡ್ಕೊಳ್ಳಿ, ರಜೆ ಮಾತ್ರ ಕೊಡ್ಬೇಡಿ!"

ಇಷ್ಟು ವರ್ಷಗಳ ನೌಕರಿಯಲ್ಲಿ ಹೀಗೆ ಬೇಡಿಕೊಂಡವರನ್ನು ಸಾಹೇಬರು ಕಂಡಿರಲಿಲ್ಲ. ಅವರ ಮನಸ್ಸು ಕರಗಿತು. ಕರಗಿ, ರಜೆಯನ್ನು ಸಂಬಳ ಸಹಿತ ಮಾಡಿದರು.

ಮಾಮ ಬೀದಿಗೆ ಬಂದಾಗ ಖಾಲಿ ಕೊಡ, ಬಕೆಟ್ಟುಗಳು ಅವರಿಗಿಂತ ಮೊದಲೇ ಬಾಗಿಲಿಗೆ ಬಂದಿದ್ದವು. ಸುದ್ದಿ ಬರುತ್ತಾ ಬರುತ್ತಾ ಬೆಳೆದು, ಮಾಮನ ಕಾರಿನ ಎಣ್ಣೆ ನೆಲಕ್ಕೆ ಇಳಿದು ಊರಿನ ಕೊಳವೆ ಸೇರಿದೆ ಎಂಬಲ್ಲಿಗೆ ಮುಟ್ಟಿತ್ತು. "ಮಾಮ, ತಪ್ಪು ತಿಳ್ಕೋಬೇಡಿ, ಇನ್ಮೇಲೆ ನಮ್ಮ ಮಿಕ್ಸಿ ನೋಡೋಕೆ ಬರಬೇಡಿ" ಎಂದರು ಪಕ್ಕದ ಮನೆಯ ಅಜ್ಜಿ. ಅತ್ತೆಯ ತಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ.

"ಭಾವ, ಗುಜರಿಯವನು ಸೋಮವಾರದ ತನಕ ಯಾಕೆ, ನಾಳೇನೇ ಬರ್ತೀನಿ ಅಂತಾನೆ. ಊರಿಗೇ ಉಪಕಾರ."

ಅತ್ತೆ ತಮ್ಮನ ಮಾತು ಕೇಳಿಸಿಕೊಳ್ಳಲಿಲ್ಲ. "ಮೇಡಂ ಏನಂದ್ರು?" ಎಂದು ಗಂಡನನ್ನು ಕೇಳಿದರು.

ಮಾಮ ಸುಳ್ಳು ಹೇಳಬಹುದಿತ್ತು. ಕಾರಿನ ಕಡೆ ನೋಡಿದರು. ಹೊದಿಕೆ ಒಂದು ಮೂಲೆಯಲ್ಲಿ ಜಾರಿತ್ತು. ಒಂದು ದೀಪ ಇಣುಕಿ ಇವರನ್ನೇ ನೋಡುತ್ತಿತ್ತು.

"ಕೂಲಂಟಲ್ವಂತೆ" ಎಂದರು.

ಶನಿವಾರ ಮೆಕ್ಯಾನಿಕ್ಕಿನ ಶೆಡ್ಡಿಗೆ ಕಾರನ್ನು ಎಳೆದುಕೊಂಡು ಹೋದದ್ದು ಒಂದು ಲಾರಿ. ಕಾರಿನೊಳಗೆ ಮಾಮ, ಅತ್ತೆ. ಹಿಂದಿನ ಸೀಟಿನಲ್ಲಿ ಸೋಲು ಗೆಲುವು ನೋಡಲು ಬಂದ ತಮ್ಮ. ಅವನ ಪಕ್ಕ, ಯಾರೂ ಕರೆಯದಿದ್ದರೂ ಅಂಗಡಿ ಮುಚ್ಚಿ ಬಂದ ಟೈಲರು.

ಮೆಕ್ಯಾನಿಕ್ಕು ಹೆಡ್ಡು ಇಳಿಸಲು ಸ್ಪಾನರುಗಳನ್ನು ಹಾಸಿಟ್ಟುಕೊಂಡು ಕಾಯುತ್ತಿದ್ದ. ಮೊದಲು ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದ. ಬಟ್ಟೆಗೆ ಒರೆಸಿದ. ಎಣ್ಣೆ ಜೇನಿನ ಹಾಗೆ ತಿಳಿಯಾಗಿತ್ತು. ಅವನ ಮುಖ ಸಣ್ಣದಾಯಿತು. ರೇಡಿಯೇಟರಿನ ಬಾಯಿ ತೆಗೆದ. ಗಿಳಿಹಸಿರು, ಮೇಲೆ ಎಣ್ಣೆಯ ಒಂದು ಹೊಳಪೂ ಇಲ್ಲ. ಸ್ಟಾರ್ಟ್ ಮಾಡಿಸಿ ಆ ಬಾಯಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ಕಾದ. ಏಳಲಿಲ್ಲ. ಹಿಂದೆ ಹೋಗಿ ಬಿಳಿ ಹೊಗೆ ಬರುತ್ತದೆಯೇ ಎಂದು ಕೂತು ನೋಡಿದ. ಬರಲಿಲ್ಲ. ಎದ್ದು ಬಂದು, ಮೋಸಹೋದವನ ಹಾಗೆ ಮಾಮನನ್ನು ನೋಡಿದ.

"ಏನ್ ಸಾಮಿ, ಪೂರ್ತಿ ಕೆನೆ ಅಂದ್ರಲ್ಲ? ಕಡ್ಡಿ ಎಳೆದು ನೋಡ್ಲಿಲ್ವಾ?"

"ಮುಚ್ಚಳ ನೋಡಿದೆ. ಆ ಹೊತ್ತಲ್ಲಿ ಕಡ್ಡಿ ಎಳೆಯೋಷ್ಟು ಧೈರ್ಯ ಬರಲಿಲ್ಲ."

"ದಿನಾ ಎಷ್ಟು ಓಡಿಸ್ತೀರಿ?"

"ಓಡಿಸ್ತೀನಿ. ದಿನಾ ತಪ್ಪದೆ ಓಡಿಸ್ತೀನಿ."

"ಎಷ್ಟು ದೂರ?"

ಮಾಮ ಕೆಮ್ಮಿದರು. ಉತ್ತರ ಹಿಂದಿನಿಂದ ಬಂತು.

"ಮೂಲೆ ಔಷಧಿ ಅಂಗಡಿವರೆಗೆ" ಎಂದ ಟೈಲರು. ಮಾಮನಿಗೆ ಅನ್ಯಾಯವಾಗಬಾರದೆಂದು, "ವಾಪಸ್ಸೂ ಬರ್ತಾರೆ" ಎಂದು ಸೇರಿಸಿದ.

ಮೆಕ್ಯಾನಿಕ್ಕು ಕೈಲಿದ್ದ ಸ್ಪಾನರನ್ನು ಕೆಳಗೆ ಹಾಕಿದ.

"ಅದೇ ಮತ್ತೆ! ಈ ಚಳಿಯಲ್ಲಿ ಎಬ್ಬಿಸ್ತೀರಿ, ಮೈ ಬಿಸಿಯಾಗೋ ಹೊತ್ತಿಗೆ ಮಲಗಿಸ್ತೀರಿ. ಒಳಗೆ ಬೆವರು ಕಟ್ಟತ್ತೆ. ಚೆನ್ನಾಗಿ ಓಡಿದ್ರೆ ಆ ಬೆವರು ಆವಿಯಾಗಿ ಹೋಗತ್ತೆ, ನೀವು ಬಿಟ್ರೆ ತಾನೇ! ಅದೇ ಎಣ್ಣೆ ಜೊತೆ ಸೇರಿ ಮುಚ್ಚಳಕ್ಕೆ ಮೆತ್ತಿದೆ. ಗ್ಯಾಸ್ಕೆಟ್ ಗಟ್ಟಿಮುಟ್ಟಾಗಿದೆ. ಸಾಮಿ, ಈ ಗಾಡಿಗೆ ರೋಗ ಇಲ್ಲ. ಎಲ್ಲೂ ಕರ್ಕೊಂಡು ಹೋಗಿಲ್ಲ ಅಂತ ಬೇಜಾರು, ಅಷ್ಟೇ."

ಅತ್ತೆ ಸೆರಗಿನಿಂದ ಕಾರಿನ ಬಾಗಿಲಿನ ಮೇಲಿದ್ದ ಇಲ್ಲದ ಧೂಳನ್ನು ಒರೆಸಿದರು.

"ಎಣ್ಣೆ ಬದಲಾಯಿಸ್ತೀನಿ. ದೂರ ಓಡಿಸಿ, ಸರಿಹೋಗತ್ತೆ."

"ದೂರ ಅಂದ್ರೆ?" ಮಾಮನ ದನಿಯಲ್ಲಿ ಇನ್ನೂ ಸ್ವಲ್ಪ ಆಸೆ ಇತ್ತು. "ಔಷಧಿ ಅಂಗಡಿಗೆ ಎರಡು ಸಲ ಹೋದ್ರೆ?"

"ಬೆಟ್ಟದಾಚೆ ನಮ್ಮಕ್ಕನ ಮನೆ ಇದೆ" ಎಂದರು ಅತ್ತೆ. "ಅಷ್ಟು ಸಾಕಾಗತ್ತಾ?"

"ಧಾರಾಳವಾಯ್ತು ತಾಯಿ. ಅದಕ್ಕಿಂತ ಒಂದು ಹೆಜ್ಜೆನೂ ಬೇಡ."

ಭಾನುವಾರ ಬೆಳಿಗ್ಗೆ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ನಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಔಷಧಿ ಅಂಗಡಿ ಬಂದಾಗ ಮಾಮನ ಕೈ ರೂಢಿಯಂತೆ ಸ್ಟಿಯರಿಂಗನ್ನು ತಿರುಗಿಸಲು ಹೋಯಿತು. ಅಂಗಡಿಯವನು ಇವರು ತಿರುಗಿಸಿಕೊಳ್ಳಲೆಂದು ದಿನದಂತೆ ಬೆಂಚನ್ನು ಹಿಂದಕ್ಕೆ ಎಳೆದುಕೊಂಡ. ಕಾರು ನೆಟ್ಟಗೆ ಹೋಗಿಬಿಟ್ಟಿತು. ಅವನು ಬೆಂಚು ಹಿಡಿದುಕೊಂಡೇ ರಸ್ತೆಗೆ ಬಂದು ನೋಡಿದ.

ಮುಂದೆ ದೊಡ್ಡ ವೃತ್ತ. ನಾಲ್ಕೂ ಕಡೆಯಿಂದ ಬಸ್ಸು, ಲಾರಿ, ಆಟೋಗಳು ಬಂದು ಸುತ್ತಿ ಹೋಗುವ ಜಾಗ. ಮಾಮ ಒಳಗೆ ಹೊಕ್ಕರು. ಹೊಕ್ಕದ್ದೇನೋ ಹೊಕ್ಕರು, ಹೊರಗೆ ಬರುವ ದಾರಿ ಬಂದಾಗೆಲ್ಲ ಅಲ್ಲೊಂದು ಬಸ್ಸು ಇರುತ್ತಿತ್ತು. ಒಂದು ಸುತ್ತಾಯಿತು. ಇನ್ನೊಂದಾಯಿತು. ನಡುವೆ ನಿಂತಿದ್ದ ಪೊಲೀಸಿನವನು ಮೊದಲು ಕೈ ತೋರಿಸಿದ, ಆಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡ, ಆಮೇಲೆ ಪರಿಚಯದವರನ್ನು ಕಂಡ ಹಾಗೆ ತಲೆಯಾಡಿಸತೊಡಗಿದ. ಮಾಮನ ಹಣೆಯಿಂದ ನೀರು ಇಳಿಯುತ್ತಿತ್ತು. ಸ್ಟಿಯರಿಂಗ್ ಹಿಡಿದ ಬೆರಳುಗಳು ಬಿಳಿಚಿದ್ದವು.

ಅತ್ತೆ ಗಂಡನ ಬೆರಳುಗಳನ್ನು ನೋಡಿದರು. ರಜೆ, ಟೈರು, ಬೇರಿಂಗು, ಬೆಟ್ಟದ ಗಾಳಿ ಎಲ್ಲವೂ ಆ ಬೆರಳುಗಳಲ್ಲೇ ಇದ್ದವು. ಅವರ ಬಾಯಿಗೆ ಬಂದಿದ್ದ ಒಂದು ಮಾತು ಹಿಂದಕ್ಕೆ ಹೋಯಿತು.

"ಇನ್ನೊಂದು ಸುತ್ತು ಹಾಕಿ" ಎಂದರು. "ಹೂವಿನ ಗಿಡ ಚೆನ್ನಾಗಿದಾವೆ. ನಾನು ಈ ಕಡೆ ನೋಡೇ ಇರಲಿಲ್ಲ."

ಮಾಮ ಇನ್ನೊಂದು ಸುತ್ತು ಹಾಕಿದರು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೂವನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದರು. ಒಂದು ಲಾರಿ ಹೋಯಿತು, ಅದರ ಹಿಂದಿನ ಬಸ್ಸೂ ಹೋಯಿತು.

"ಈಗ" ಎಂದರು.

ಕಾರು ಹೊರಗಿತ್ತು. ಪೊಲೀಸಿನವನು ಸೆಲ್ಯೂಟ್ ಹೊಡೆದ.

ಆಮೇಲೆ ಗದ್ದಲವಿಲ್ಲದ ರಸ್ತೆ. ಮಾಮ ಎರಡನೇ ಗೇರು, ಮೂರನೇ ಗೇರು ಹಾಕಿದರು. ನಾಲ್ಕನೆಯದು ಇಷ್ಟು ವರ್ಷ ಹೊಸದಾಗಿಯೇ ಉಳಿದಿತ್ತು. ಬೀಳುವಾಗ ಸ್ವಲ್ಪ ಹಟಮಾಡಿ ಬಿತ್ತು. ಎಂಜಿನ್ನಿನ ಸದ್ದು ಇಳಿದು ಒಂದೇ ಸಮನಾಯಿತು. ಮಾಮ ಅಭ್ಯಾಸದಂತೆ ತಲೆ ಓರೆ ಮಾಡಿ ಕೇಳಿದರು. ಹೇಳುವುದಕ್ಕೆ ಯಾವ ರೋಗವೂ ತೋಚಲಿಲ್ಲ.

ಬೆಟ್ಟದ ಅರ್ಧದಲ್ಲಿ ಕಾರು ನಿಲ್ಲಿಸಿ, "ಎಂಜಿನ್ನಿಗೆ ಸ್ವಲ್ಪ ಸುಸ್ತಾಗಿದೆ" ಎಂದರು.

"ಪಾಪ, ಇರಲಿ, ಕೂತ್ಕೊಳ್ಳಲಿ" ಎಂದ ಅತ್ತೆ, ಎಂಜಿನ್ನಿಗೆ ಬೇಡವಾದ ನೀರನ್ನು ಲೋಟಕ್ಕೆ ಬಗ್ಗಿಸಿ ಗಂಡನ ಕೈಗೆ ಕೊಟ್ಟರು.

ದೊಡ್ಡಕ್ಕ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಬೆಳಿಗ್ಗೆಯಿಂದ ಕೂತಿದ್ದರು. ಅಕ್ಕ ತಂಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. ಆಮೇಲೆ ದೊಡ್ಡಕ್ಕ ಕೋಲೂರಿಕೊಂಡು ಕಾರಿನ ಸುತ್ತ ಒಂದು ಸಲ ನಡೆದರು. ಅಪ್ಪ ಕೂರುತ್ತಿದ್ದ ಕಡೆಯ ಬಾಗಿಲ ಹತ್ತಿರ ನಿಂತರು.

ಎರಡು ದಿನ ಮಾತಿಗೆ ಬಿಡುವಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ದೊಡ್ಡಕ್ಕ, "ಇವತ್ತು ಹೊರಟುಬಿಡ್ತೀರಾ?" ಎಂದು ಕೇಳಿದರು. ಕೇಳಿ ಕಿಟಕಿಯ ಕಡೆ ತಿರುಗಿಕೊಂಡರು. "ಈ ಮಂಡಿ ಆದ್ಮೇಲೆ ನಾನು ಈ ಬೀದಿಯ ಕೊನೆ ನೋಡಿಲ್ಲ."

ಮಾಮ ಬೂಟಿನ ದಾರ ಕಟ್ಟುತ್ತಿದ್ದವರು ತಲೆ ಎತ್ತಿದರು. ಅತ್ತೆ ಅವರನ್ನು ನೋಡಿದರು. ಮಾಮ ಗಂಟಲು ಸರಿಮಾಡಿಕೊಂಡು, ಬೀದಿಯಲ್ಲಿ ಭಾಷಣ ಮಾಡುವಾಗಿನ ದನಿಯಲ್ಲಿ ಶುರುಮಾಡಿದರು.

"ಅದು ಏನಾಗಿದೆ ಅಂದ್ರೆ ಅಕ್ಕಾವ್ರೇ, ಈ ಎಂಜಿನ್ನು ಬಹಳ ಸೂಕ್ಷ್ಮ. ಒಳಗಿನ ಬೆವರು ಇನ್ನೂ ಪೂರ್ತಿ ಆರಿಲ್ಲ. ಇಲ್ಲೀತನಕ ಬಂದಿದ್ದು ಸಾಲದು, ಸಮುದ್ರದ ತನಕನಾದ್ರೂ ಓಡಿಸ್ಲೇಬೇಕು ಅಂತ ಮೆಕ್ಯಾನಿಕ್ಕು ಕಟ್ಟುನಿಟ್ಟಾಗಿ ಹೇಳಿದಾನೆ. ಹಿಂದಿನ ಸೀಟಲ್ಲಿ ಭಾರ ಕಮ್ಮಿಯಾದ್ರೂ ಎಂಜಿನ್ನಿಗೆ ಒಳ್ಳೇದಲ್ವಂತೆ. ನೀವು ಬರದಿದ್ರೆ ಗಾಡಿ ಕೆಡತ್ತೆ."

ದೊಡ್ಡಕ್ಕ ತಂಗಿಯ ಮುಖ ನೋಡಿದರು. "ಹೌದೇನೇ? ಹಾಗಂದ್ನಾ ಮೆಕ್ಯಾನಿಕ್ಕು?"

ಅತ್ತೆ ಆಗಲೇ ಎದ್ದು, ಅಕ್ಕನ ಕಾಲಿನ ಕೆಳಗೆ ಇಡಲು ಎರಡು ದಿಂಬು ಹುಡುಕುತ್ತಿದ್ದರು.

"ನನ್ನ ಎದುರಿಗೇ ಹೇಳಿದ" ಎಂದರು. "ನೀನು ಮುಂದಿನ ಸೀಟಲ್ಲಿ ಕೂತ್ಕೋ ಅಕ್ಕಾ. ಹಿಂದಿನ ಭಾರಕ್ಕೆ ನಾನಿದೀನಿ."